ನೀರು ಎಷ್ಟು ಬಿಸಿ?

ಯಳಂದೂರಿನ ಸುತ್ತ ಈಗ ಎಷ್ಟೋ ಮನೆಗಳ ಮೇಲೆ ಸೋಲಾರ್ ಕೂತಿದೆ, ಬಚ್ಚಲಿಗೆ ಗೀಸರ್ ಬಂದಿದೆ. ಆದರೂ ಸುವರ್ಣಾವತಿ ಹೊಳೆಯ ಆಚೀಚೆಯ ಊರುಗಳಲ್ಲಿ ಒಣಗಿದ ತೆಂಗಿನ ಮಟ್ಟೆಯನ್ನೋ ಹಿಪ್ಪುನೇರಳೆ ಕಡ್ಡಿಯನ್ನೋ ಹಂಡೆಯೊಲೆಗೆ ತುರುಕಿ ನೀರು ಕಾಯಿಸುವ ಮನೆಗಳಿಗೇನೂ ಬರವಿಲ್ಲ. ತಲೆಗೆ ಎರೆದುಕೊಳ್ಳುವ ದಿನವಂತೂ ಹಂಡೆ ಕೈ ಇಡಲಾಗದಷ್ಟು ಕಾಯಬೇಕು. ಚೊಂಬಿನ ಹಿಂದೆ ಚೊಂಬು ನೆತ್ತಿಗೆ ಬೀಳಬೇಕು, ಕಣ್ಣು ಕೆಂಪಗಾಗಬೇಕು, ಮೈ ಹಬೆಯಾಡಬೇಕು. ಆಗಲೇ ಅದು ಸ್ನಾನ. ಉಗುರುಬೆಚ್ಚಗಿನ ನೀರಲ್ಲಿ ಮಿಂದು ಬಂದವನನ್ನು ನಮ್ಮ ಅಜ್ಜಿಯಂದಿರು ಮಿಂದವನೆಂದೇ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ಈ ಬೆಳಗಿನ ಚಿಂತನೆ ಆ ನೀರಿನ ಬಿಸಿಯ ಬಗ್ಗೆಯೇ. ದಿನದ ಬದುಕು ಹಸನಾಗಲು ಸಣ್ಣಪುಟ್ಟ ಒಳ್ಳೆಯ ಕೆಲಸಗಳು ಸಾಕು ಎಂದು ಎಲ್ಲರೂ ಹೇಳುತ್ತಾರೆ. ಬೇಗ ಏಳಿ, ನಗುನಗುತ್ತಾ ಮಾತಾಡಿ, ಒಂದು ಗಿಡಕ್ಕೆ ನೀರು ಹಾಕಿ. ಈ ಮಾತಿನಲ್ಲಿ ತಪ್ಪೇನಿಲ್ಲ. ಆದರೆ ಯಾವ ಸಣ್ಣ ಕೆಲಸ, ಯಾರ ಮೈಗೆ, ಯಾವ ಹೊತ್ತಿಗೆ ಎಂದು ಆ ಉಪದೇಶ ಕೇಳಿಕೊಳ್ಳುವುದಿಲ್ಲ. ಎಲ್ಲರಿಗೂ ಒಂದೇ ಅಳತೆಯ ಅಂಗಿ ಹೊಲಿದು ಹಂಚಿಬಿಡುತ್ತದೆ. ಬಿಳಿಗಿರಿರಂಗನ ಬೆಟ್ಟದ ಬುಡದಲ್ಲಿರುವ ಈ ಪುಟ್ಟ ತಾಲ್ಲೂಕಿನಲ್ಲಿ ಆ ಪ್ರಶ್ನೆಯನ್ನು ಕೇಳಿದವರಿದ್ದರು. ಕೇಳುತ್ತಾ ಹೋದವರಿಗೆ ಎರಡು ಬೇರೆ ಬೇರೆ ಕಾಯಿಲೆಗಳ ದಾರಿಯಲ್ಲಿ ಸಿಕ್ಕ ಉತ್ತರವೂ ಹೆಚ್ಚುಕಡಿಮೆ ಒಂದೇ: ಮೊದಲು ನೀರು ಎಷ್ಟು ಬಿಸಿಯಿದೆ ನೋಡಿ.

ಮೊದಲನೆಯದು ಮೂರ್ಛೆರೋಗ. ದಕ್ಷಿಣ ಕರ್ನಾಟಕದಲ್ಲಿ, ಅದರಲ್ಲೂ ಹಳೆ ಮೈಸೂರಿನ ಈ ಭಾಗದಲ್ಲಿ, ಮೂರ್ಛೆರೋಗದ ಒಂದು ವಿಚಿತ್ರ ಬಗೆಯಿದೆ. ಉಳಿದ ಹೊತ್ತಿನಲ್ಲಿ ಚೆನ್ನಾಗಿಯೇ ಇರುವ ಹುಡುಗ ತಲೆಗೆ ಬಿಸಿನೀರು ಹುಯ್ದುಕೊಳ್ಳುವಾಗ ಮಂಕಾಗುತ್ತಾನೆ. ಕಣ್ಣು ಎಲ್ಲೋ ನೆಡುತ್ತದೆ, ಹೆದರಿದವನಂತೆ ಏನೇನೋ ಆಡುತ್ತಾನೆ, ಕೆಲವೊಮ್ಮೆ ಬಚ್ಚಲಲ್ಲೇ ಬಿದ್ದು ಕೈಕಾಲು ಸೆಟೆಯುತ್ತದೆ. ಇನ್ನೂ ಕೆಲವರಿಗೆ ಆ ಮಂಕಿನಲ್ಲೇ ಒಂದು ಸುಖ ಹತ್ತಿ, ಪ್ರಜ್ಞೆ ತಪ್ಪುವವರೆಗೂ ಚೊಂಬಿನ ಮೇಲೆ ಚೊಂಬು ಸುರಿದುಕೊಳ್ಳುತ್ತಲೇ ಇರುತ್ತಾರೆ. ಬಿಸಿನೀರಿನ ಮೂರ್ಛೆ ಎಂದು ವೈದ್ಯರು ಕರೆಯುವ ಇದನ್ನು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಪಿ. ಸತೀಶ್ಚಂದ್ರ ಮತ್ತು ಅವರ ಜೊತೆಯವರು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಜಗತ್ತಿನ ಬೇರೆಡೆ ಅಪರೂಪವಾದದ್ದು ನಮ್ಮ ಹಂಡೆಯೊಲೆಯ ನಾಡಿನಲ್ಲಿ ಅಷ್ಟು ಅಪರೂಪವಲ್ಲ. ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಸುಡುಸುಡು ನೀರನ್ನು ಬಿಡುವಿಲ್ಲದೆ ನೆತ್ತಿಗೆ ಸುರಿಯುವ ನಮ್ಮ ಪದ್ಧತಿಗೂ ಇದಕ್ಕೂ ನಂಟಿದೆ.

ಮನೆಯವರು ಇದನ್ನು ಏನೆಂದುಕೊಂಡಾರು? ಗಾಳಿ ಸೋಕಿದೆ, ಬಚ್ಚಲಲ್ಲಿ ಏನೋ ಇದೆ, ಯಾರೋ ಮಾಡಿಸಿದ್ದಾರೆ. ಬಿದ್ದವನ ಕೈಗೆ ಕಬ್ಬಿಣದ ಬೀಗದ ಕೈ ಕೊಡುವುದು, ಮೂಗಿಗೆ ಚಪ್ಪಲಿ ಹಿಡಿಯುವುದು ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಆದರೆ ಎಷ್ಟೋ ಜನರಿಗೆ ಬೇಕಾಗಿದ್ದ ಮೊದಲ ಮದ್ದು ಬಚ್ಚಲ ತಣ್ಣೀರಿನ ತೊಟ್ಟಿಯಲ್ಲೇ ಇತ್ತು. ಹಂಡೆಯ ನೀರಿಗೆ ಇನ್ನೆರಡು ಚೊಂಬು ತಣ್ಣೀರು ಬೆರೆಸುವುದು, ಒಮ್ಮೆಲೇ ನೆತ್ತಿಗೆ ಸುರಿಯದೆ ಬಟ್ಟೆ ಅದ್ದಿ ತಲೆ ತೊಳೆಯುವುದು. ಅಷ್ಟರಲ್ಲೇ ಸರಿಹೋದವರಿದ್ದಾರೆ. ಹೋಗದವರಿಗೆ ಸ್ನಾನಕ್ಕೆ ಮುಂಚೆ ನುಂಗುವ ಮಾತ್ರೆಯನ್ನೋ ದಿನದ ಮಾತ್ರೆಯನ್ನೋ ವೈದ್ಯರು ಬರೆದುಕೊಡುತ್ತಾರೆ. (ಇದನ್ನು ಓದಿ ಯಾರೂ ನುಂಗುತ್ತಿರುವ ಮೂರ್ಛೆಯ ಮಾತ್ರೆ ನಿಲ್ಲಿಸಬಾರದು. ಹಾಗೆ ಥಟ್ಟನೆ ನಿಲ್ಲಿಸುವುದು ಅಪಾಯ.)

ಎರಡು ಚೊಂಬು ತಣ್ಣೀರಿಗಿಂತ ಸಣ್ಣ ಕೆಲಸ ಯಾವುದಿದೆ? ಆದರೆ ಆ ಎರಡು ಚೊಂಬಿನ ಹಿಂದೆ ಎಷ್ಟು ಜನರ ಎಷ್ಟು ವರ್ಷಗಳ ನೋಟವಿದೆ ಎಂದು ಒಮ್ಮೆ ಯೋಚಿಸಿ. ಯಾರೋ ಒಬ್ಬರು ಕೂತು ಕೇಳಬೇಕಾಯಿತು: ಯಾವಾಗ ಬಂತು? ತಲೆಗೆ ಎರೆದುಕೊಂಡ ದಿನವೇ? ಬರಿ ಮೈಗೆ ಹುಯ್ದುಕೊಂಡಾಗ ಬಂದಿತ್ತೇ? ತಣ್ಣೀರಾದರೆ? ಇಂಥ ಪ್ರಶ್ನೆ ಕೇಳುವವನಿಗೆ ಸಹನೆ ಬೇಕು, ಕೇಳಿಸಿಕೊಳ್ಳುವ ತಾಯಿಗೆ ಅವನ ಮೇಲೆ ನಂಬಿಕೆ ಬರಬೇಕು. ಯಳಂದೂರಿನಲ್ಲಿ ಆ ಕೆಲಸ ನಡೆಯಿತು. ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಅವರ ತಂಡ ಈ ತಾಲ್ಲೂಕಿನ ಹಳ್ಳಿಗಳಲ್ಲಿ ಮೂರ್ಛೆರೋಗದವರನ್ನು ಹುಡುಕಿ, ಫಿನೋಬಾರ್ಬಿಟಾಲ್ ಮತ್ತು ಫೆನಿಟಾಯಿನ್ ಎಂಬ ಹಳೆಯ, ಅಗ್ಗದ ಮಾತ್ರೆಗಳನ್ನು ಕೊಟ್ಟು ವರ್ಷಗಳವರೆಗೆ ಹಿಂಬಾಲಿಸಿತು. ದೊಡ್ಡ ಆಸ್ಪತ್ರೆಯಿಲ್ಲದ ಕಡೆಯೂ, ದುಬಾರಿ ಔಷಧಿಯಿಲ್ಲದೆಯೂ ಮೂರ್ಛೆಯನ್ನು ಹದ್ದುಬಸ್ತಿನಲ್ಲಿಡಬಹುದು ಎಂದು ಹೇಳಿದ ಆ ವರದಿ 2001ರಲ್ಲಿ ಲಂಡನ್ನಿನ ಹೆಸರಾಂತ ವೈದ್ಯ ಪತ್ರಿಕೆ ‘ದಿ ಲ್ಯಾನ್ಸೆಟ್’ನಲ್ಲಿ ಬಂತು. ಅದರ ತಲೆಬರಹದಲ್ಲೇ ‘ಯಳಂದೂರು ಅಧ್ಯಯನ’ ಎಂದಿದೆ. ದಿವಾನ್ ಪೂರ್ಣಯ್ಯನವರ ಜಹಗೀರಾಗಿದ್ದ ಊರು, ಬಳೆ ಮಂಟಪದ ಊರು ಎಂದಷ್ಟೇ ಯಳಂದೂರನ್ನು ಬಲ್ಲ ನಮಗೆ ಈ ಕೀರ್ತಿ ಯಾಕೋ ತಿಳಿದೇ ಇಲ್ಲ.

ಎರಡನೆಯ ಕಾಯಿಲೆಯ ಹೆಸರು ಹೇಳಲೇ ಜನ ಹಿಂಜರಿಯುತ್ತಿದ್ದರು. ದೊಡ್ಡ ರೋಗ ಎನ್ನುತ್ತಿದ್ದರು. ಕುಷ್ಠ.

ಬಿಳಿಗಿರಿರಂಗನ ಬೆಟ್ಟಕ್ಕೆ ಡಾ. ಎಚ್. ಸುದರ್ಶನ್ ಬಂದು ಸೋಲಿಗರ ನಡುವೆ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದ್ದು 1981ರಲ್ಲಿ. ಬೆಟ್ಟದ ಮೇಲಿನ ಆ ಕೆಲಸ ನಾಡಿಗೆಲ್ಲ ಗೊತ್ತು. 1994ರಲ್ಲಿ ಅವರಿಗೆ ಬಂದ ರೈಟ್ ಲೈವ್ಲಿಹುಡ್ ಪ್ರಶಸ್ತಿಯೂ ಗೊತ್ತು. ಬೆಟ್ಟದ ಕೆಳಗೆ ನಡೆದದ್ದು ಅಷ್ಟಾಗಿ ಗೊತ್ತಿಲ್ಲ. ಯಳಂದೂರು ತಾಲ್ಲೂಕಿನಲ್ಲಿ ಕುಷ್ಠ ಬಹಳ ಹರಡಿತ್ತು. ಅದಕ್ಕೆಂದೇ 1986ರಲ್ಲಿ ಕರುಣಾ ಟ್ರಸ್ಟ್ ಹುಟ್ಟಿತು. ಆಮೇಲೆ ಅದು ಮೂರ್ಛೆರೋಗಕ್ಕೂ ಕ್ಷಯಕ್ಕೂ ಕೈಹಾಕಿತು. 1996ರಲ್ಲಿ ಸರ್ಕಾರ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಅದರ ಕೈಗೆ ಒಪ್ಪಿಸಿತು. ಯಳಂದೂರಿನಿಂದ ಬೆಟ್ಟಕ್ಕೆ ಹೋಗುವವರು ಗುಂಬಳ್ಳಿಯನ್ನು ದಾಟಿಯೇ ಹೋಗಬೇಕು. ರಂಗನಾಥನ ದರ್ಶನದ ಆತುರದಲ್ಲಿ ಆ ಕಟ್ಟಡದ ಕಡೆ ತಿರುಗಿ ನೋಡುವವರು ಕಡಿಮೆ.

ಕುಷ್ಠದ ರೋಗಾಣುವನ್ನು ನಾರ್ವೆಯ ಹ್ಯಾನ್ಸನ್ 1873ರಲ್ಲೇ ಕಂಡಿದ್ದ. ಆದರೂ ಅದು ಪಾಪದ ಫಲ, ವಂಶದ ದೋಷ ಎಂಬ ಮಾತು ಇನ್ನೂ ನೂರು ವರ್ಷ ನಡೆಯಿತು. ಬೆರಳು ತಾನೇ ಕೊಳೆತು ಉದುರುತ್ತದೆ ಎಂದು ವೈದ್ಯರಲ್ಲೂ ಅನೇಕರು ನಂಬಿದ್ದರು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ 1946ರಲ್ಲಿ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಆ ಕೈಕಾಲುಗಳನ್ನು ಬಿಡದೆ ನೋಡುತ್ತಾ ಹೋದಾಗ ಬೇರೆಯೇ ಕಥೆ ತೆರೆದುಕೊಂಡಿತು. ರೋಗ ಕೊಲ್ಲುವುದು ನರವನ್ನು. ನರ ಸತ್ತ ಕಡೆ ನೋವಿಲ್ಲ. ನೋವಿಲ್ಲದ ಕೈ ಕಾದ ಪಾತ್ರೆಯನ್ನು ಬಿಡುವುದಿಲ್ಲ, ನೋವಿಲ್ಲದ ಕಾಲು ಮುಳ್ಳಿನ ಮೇಲೆ ಊರಿಕೊಂಡೇ ಸಂಜೆಯವರೆಗೆ ನಡೆಯುತ್ತದೆ. ಗಾಯ ಹುಣ್ಣಾಗಿ, ಹುಣ್ಣು ಎಲುಬಿಗಿಳಿದು ಬೆರಳು ಮೊಂಡಾಗುತ್ತದೆ. ಅಂಗ ಊನವಾದದ್ದು ದಿನದಿನದ ಅರಿವಿಗೆ ಬಾರದ ಚಿಕ್ಕಚಿಕ್ಕ ಪೆಟ್ಟುಗಳಿಂದ. ಹಾಗಿದ್ದ ಮೇಲೆ ಅದನ್ನು ತಡೆಯುವ ದಾರಿಯೂ ಅಷ್ಟೇ ಚಿಕ್ಕದಾಗಿ, ಅಷ್ಟೇ ದಿನದಿನವೂ ಇರಬೇಕಾಯಿತು.

ಆ ದಾರಿಯ ವಿವರ ಕೇಳಿ, ನನಗಂತೂ ಇದು ಯಾವ ಧ್ಯಾನಕ್ಕೂ ಕಡಿಮೆಯೆನಿಸುವುದಿಲ್ಲ. ದಿನಕ್ಕೊಮ್ಮೆ ಒಂದು ಬೇಸಿನ್ನಿನಲ್ಲಿ ನೀರು ಹಾಕಿಕೊಂಡು ಇಪ್ಪತ್ತು ನಿಮಿಷ ಕಾಲು ಇಳಿಬಿಟ್ಟು ಕೂರಬೇಕು. ನೆನೆದು ಮೆತ್ತಗಾದ ದಡ್ಡು ಚರ್ಮವನ್ನು ಒರಟು ಕಲ್ಲಿನಿಂದ ಮೆಲ್ಲಗೆ ಉಜ್ಜಬೇಕು. ಪಾದ ಒದ್ದೆಯಿರುವಾಗಲೇ ಎಣ್ಣೆ ಸವರಬೇಕು, ಆಗ ನೀರಿನ ಪಸೆ ಒಳಗೇ ಉಳಿದು ಹಿಮ್ಮಡಿ ಬಿರಿಯುವುದಿಲ್ಲ. ಅಂಗಾಲು ತಿರುಗಿಸಿ, ಬೆರಳ ಸಂದಿ ಬಿಡಿಸಿ ನೋಡಬೇಕು: ಕೆಂಪಾಗಿದೆಯೇ, ಬೊಬ್ಬೆ ಎದ್ದಿದೆಯೇ, ಮುಳ್ಳು ಮುರಿದಿದೆಯೇ. ಬಗ್ಗಿ ನೋಡಲಾಗದವರು ನೆಲದ ಮೇಲೆ ಕನ್ನಡಿ ಇಟ್ಟುಕೊಂಡು ನೋಡಬೇಕು. ಹೊರಡುವ ಮುಂಚೆ ಚಪ್ಪಲಿಯನ್ನು ಕೊಡವಿ ಒಳಗೆ ಕಲ್ಲುಮಣ್ಣು ಸೇರಿದೆಯೇ ಎಂದು ನೋಡಬೇಕು. ಒಲೆಯ ಮೇಲಿನ ಪಾತ್ರೆಗೆ ಬರಿಗೈ ಹಾಕಬಾರದು, ಮಸಿಬಟ್ಟೆ ಬೇಕು.

ಎಲ್ಲಕ್ಕಿಂತ ಮೊದಲು ಒಂದು ಮಾತಿದೆ. ಬೇಸಿನ್ನಿನ ನೀರು ಬಿಸಿ ಇರಬಾರದು. ಕಾಲಿಗೆ ಅರಿವಿಲ್ಲದವನು ಕಾಲಿಟ್ಟು ನೋಡಿ ತಿಳಿಯುವಂತಿಲ್ಲ. ಕೈಯಲ್ಲೂ ಅರಿವು ಹೋಗಿದ್ದರೆ ಕೈ ಅದ್ದಿ ತಿಳಿಯುವಂತಿಲ್ಲ. ಮೊಣಕೈ ಇಡಬೇಕು. ಅದಕ್ಕಿಂತ ಒಳ್ಳೆಯದು, ಮನೆಯಲ್ಲಿ ಇನ್ನೊಬ್ಬರನ್ನು ಕರೆಯುವುದು. ‘ನೀರು ಎಸ್ಟು ಕಾದದ ನೋಡವ್ವ’ ಎಂದು ತಾತ ಸೊಸೆಯನ್ನು ಕೂಗಬೇಕು, ಅವಳು ಒಲೆಯ ಮುಂದಿನಿಂದ ಎದ್ದು ಬಂದು ಕೈ ಅದ್ದಿ ‘ಸರ್ಯಾಗದ, ಕಾಲ್ ಬುಡು’ ಎನ್ನಬೇಕು.

ಈ ಒಂದು ಕೂಗು, ಒಂದು ಉತ್ತರ ನಡೆಯುವ ಮನೆಯನ್ನು ಊಹಿಸಿಕೊಳ್ಳಿ. ಈ ರೋಗಿಗಳನ್ನು ಊರು ಹೊರಗಿಟ್ಟಿತ್ತು. ಬ್ರಿಟಿಷರು 1898ರಲ್ಲಿ ಮಾಡಿದ ಕುಷ್ಠರೋಗಿಗಳ ಕಾಯ್ದೆಯನ್ನು ಸ್ವತಂತ್ರ ಭಾರತ ಪೂರ್ತಿಯಾಗಿ ತೆಗೆದುಹಾಕಿದ್ದು 2016ರಲ್ಲಿ. ಕುಷ್ಠವನ್ನು ವಿಚ್ಛೇದನಕ್ಕೆ ಕಾರಣವೆಂದು ತೋರಿಸಬಹುದಾಗಿದ್ದ ಕಲಮುಗಳು ಹೋದದ್ದು 2019ರಲ್ಲಿ. ಅಲ್ಲಿಯವರೆಗೆ ಕಾನೂನೇ ಗಂಡ ಹೆಂಡಿರನ್ನು ಬೇರೆ ಮಾಡಲು ಬಾಗಿಲು ತೆರೆದಿಟ್ಟಿತ್ತು. ಹಾಗಿರುವಾಗ ಸೊಸೆಯೊಬ್ಬಳು ಮಾವನ ಬೇಸಿನ್ನಿಗೆ ತನ್ನ ಕೈ ಅದ್ದುವುದು ಎಂಥ ಮಾತು! ಯಾವ ಪುಸ್ತಕ ಬೋಧಿಸುವ ಸದ್ಭಾವನೆಯೂ ಅದರ ಹತ್ತಿರ ಸುಳಿಯದು.

ಇಲ್ಲಿ ನನಗೊಂದು ಅನುಮಾನವೂ ಏಳುತ್ತದೆ. ಸಣ್ಣ ಕೆಲಸಗಳನ್ನು ಕೊಂಡಾಡುವ ನಾವು ಅವನ್ನು ಮಾಡುತ್ತಿರುವವರು ಯಾರು ಎಂದು ನೋಡುತ್ತೇವೆಯೇ? ನೀರು ಕಾಯಿಸುವವಳು, ಮಾತ್ರೆ ನೆನಪಿಸುವವಳು, ಎಣ್ಣೆ ಬಟ್ಟಲು ತಂದಿಡುವವಳು ಮನೆಯ ಹೆಂಗಸು. ಯಳಂದೂರಿನವಳೇ ಆದ ಸಂಚಿಯ ಹೊನ್ನಮ್ಮ ಹದಿನೇಳನೆಯ ಶತಮಾನದ ಕೊನೆಯಲ್ಲಿ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುವ ಕೆಲಸದಲ್ಲಿದ್ದವಳು. ದಿನವೆಲ್ಲ ಇನ್ನೊಬ್ಬರ ಚಿಕ್ಕ ಬೇಕುಗಳನ್ನು ಕಾಯ್ದು ನಿಲ್ಲುವುದು ಏನೆಂದು ಅವಳಿಗೆ ಗೊತ್ತಿತ್ತು. ಅವಳ ‘ಹದಿಬದೆಯ ಧರ್ಮ’ ಹೆಂಡತಿಗೆ ಹೇಳುವ ನೀತಿಯಲ್ಲಿ ಬಹಳಷ್ಟು ಇಂದು ಒಪ್ಪುವಂಥದಲ್ಲ. ಆದರೆ ಹೆಣ್ಣನ್ನು ಹಳಿಯುವವರನ್ನು ಅವಳು ಅದೇ ಕಾವ್ಯದೊಳಗೇ ನಿಲ್ಲಿಸಿ ಕೇಳುತ್ತಾಳೆ. ದಿನದ ಸಣ್ಣ ಕೆಲಸದ ಮಹಿಮೆ ಹಾಡುವ ಯಾರೂ ಆ ಕೇಳಿಕೆಯನ್ನು ಬಿಟ್ಟು ಹಾಡಬಾರದು. ಕಾಲು ನೆನೆಸುವ ನೀರನ್ನು ಸೊಸೆ ನೋಡಿದರೆ ಮಗನಾದವನು ಬೇಸಿನ್ ಎತ್ತಿ ಚೆಲ್ಲಲಿ. ಅದೂ ಸಣ್ಣ ಕೆಲಸವೇ.

ಇನ್ನು ಮಾತ್ರೆಯ ಮಾತು. ಒಂದೇ ಔಷಧಿಗೆ ರೋಗಾಣು ಬಗ್ಗದೆ ಹೋದಾಗ, ಎರಡು ಮೂರು ಔಷಧಿಗಳನ್ನು ಕೂಡಿಸಿ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 1981ರಲ್ಲಿ ಹೇಳಿತು. ಇಂದಿಗೂ ಅದೇ ಚಿಕಿತ್ಸೆ. ಇಪ್ಪತ್ತೆಂಟು ದಿನದ ಮಾತ್ರೆಗಳ ಒಂದು ಹಾಳೆ. ಮೊದಲ ದಿನದ ಮಾತ್ರೆಗಳನ್ನು ಆರೋಗ್ಯ ಕಾರ್ಯಕರ್ತರ ಎದುರಿಗೇ ನುಂಗಬೇಕು. ಉಳಿದ ಇಪ್ಪತ್ತೇಳು ದಿನದ್ದು ಮನೆಯಲ್ಲಿ. ಸೌಮ್ಯ ಬಗೆಗೆ ಆರು ಹಾಳೆ, ಬಲಿತದ್ದಕ್ಕೆ ಹನ್ನೆರಡು. ಚಿಕಿತ್ಸೆ ಶುರುವಾದ ಕೆಲವೇ ದಿನಗಳಲ್ಲಿ ಆ ಮನುಷ್ಯನಿಂದ ಇನ್ನೊಬ್ಬರಿಗೆ ರೋಗ ಹರಡುವುದು ನಿಲ್ಲುತ್ತದೆ. ಹಣ ಕೊಡಬೇಕಾಗಿಲ್ಲ.

ಇಷ್ಟು ಸುಲಭವಾದದ್ದನ್ನು ಜನ ಯಾಕೆ ನಡುವೆ ಬಿಡುತ್ತಾರೆ? ನೋವಿಲ್ಲ, ಅದಕ್ಕೆ. ತೊಡೆಯ ಮೇಲೊಂದು ತಿಳಿಬಣ್ಣದ ಮಚ್ಚೆ. ತುರಿಯುವುದಿಲ್ಲ, ಉರಿಯುವುದಿಲ್ಲ, ಗದ್ದೆ ಕೆಲಸಕ್ಕೆ ಅಡ್ಡ ಬರುವುದಿಲ್ಲ. ಮಾತ್ರೆ ನುಂಗಿದರೆ ಮೂತ್ರ ಕೆಂಪಾಗುತ್ತದೆ, ಮೈ ಕಪ್ಪಿಡುತ್ತದೆ. ಇದ್ದದ್ದಕ್ಕಿಂತ ಮದ್ದೇ ಹೆಚ್ಚು ಕಾಟವೆಂದು ಕಂಡರೆ ಆಶ್ಚರ್ಯವೇನು? ಮೊದಲ ವಾರದ ಹುಮ್ಮಸ್ಸಿಗೆ ಈ ಮಚ್ಚೆ ಮಣಿಯುವುದಿಲ್ಲ. ಕಬ್ಬು ಕಡಿಯುವ ಸುಗ್ಗಿಯಲ್ಲಿ, ಮಗಳ ಮದುವೆಯ ಗಡಿಬಿಡಿಯಲ್ಲಿ, ಮಾದಪ್ಪನ ಬೆಟ್ಟಕ್ಕೆ ಬರಿಗಾಲಲ್ಲಿ ನಡೆದುಹೋಗುವ ಹರಕೆಯ ದಿನಗಳಲ್ಲಿ ಹಾಳೆಯ ಮಾತ್ರೆ ಹಾಗೇ ಉಳಿಯುತ್ತದೆ.

ಆಗ ಆರೋಗ್ಯ ಕಾರ್ಯಕರ್ತೆಯೊಬ್ಬಳು ಬಾಗಿಲಿಗೆ ಬರುತ್ತಾಳೆ. ‘ಮಾತ್ರ ನುಂಗುದ್ಯಾ ತಾತ?’ ಅಷ್ಟೇ ಅವಳ ಮಾತು. ‘ನುಂಗಿವ್ನಿ ಕನವ್ವ’ ಎಂದರೆ ನಂಬಿ ಹೋಗುವವಳಲ್ಲ, ಹಾಳೆ ತರಿಸಿ ಖಾಲಿ ಗುಳಿ ಎಣಿಸುತ್ತಾಳೆ. ಯಳಂದೂರಿನ ಕುಷ್ಠ ಇಳಿದದ್ದು ಈ ಎಣಿಕೆಯಿಂದ. ನಾವು ಯುಗಾದಿಗೊಂದು, ಜನವರಿ ಒಂದಕ್ಕೊಂದು ಸಂಕಲ್ಪ ಮಾಡಿ ಹತ್ತು ದಿನದಲ್ಲಿ ಮರೆಯುವುದನ್ನು ನಮ್ಮ ಮನೋಬಲದ ಕೊರತೆ ಎಂದು ಬೈದುಕೊಳ್ಳುತ್ತೇವೆ. ನನಗೆ ಹಾಗನ್ನಿಸುವುದಿಲ್ಲ. ಬಾಗಿಲಿಗೆ ಬಂದು ಕೇಳುವವರನ್ನು ನಾವು ಇಟ್ಟುಕೊಂಡಿಲ್ಲ, ನಾವೂ ಯಾರ ಬಾಗಿಲಿಗೆ ಹೋಗಿ ಕೇಳುವುದಿಲ್ಲ. ಬೆಳಗಿನ ನಡಿಗೆ ಶುರು ಮಾಡಿದ ನೆರೆಯವರನ್ನು ‘ಇವತ್ತು ಹೋಗಿದ್ರಾ?’ ಎಂದು ಕೇಳಿದರೆ ಮೂಗು ತೂರಿಸಿದಂತಾಗುತ್ತದೆ ಎಂದು ಸುಮ್ಮನಿರುತ್ತೇವೆ. ಸಕ್ಕರೆ ಕಾಯಿಲೆಯ ಅಣ್ಣನಿಗೆ ಫೋನು ಮಾಡಿದರೆ ಮಳೆ ಬೆಳೆ, ಸೈಟು ಸಾಲದ ಮಾತೆಲ್ಲ ಆಗುತ್ತದೆ, ಅಂಗಾಲು ನೋಡಿಕೊಂಡೆಯಾ ಎಂದು ಕೇಳುವುದಿಲ್ಲ. ಸಕ್ಕರೆ ಕಾಯಿಲೆಯಲ್ಲೂ ಕಾಲಿನ ಅರಿವು ಹೀಗೇ ಹೋಗುತ್ತದೆ. ಬೇಸಿನ್ನಿನ ನೀರಿನ ಬಿಸಿ ನೋಡುವ ಎಚ್ಚರ, ಅಂಗಾಲು ತಿರುಗಿಸಿ ನೋಡುವ ಪಾಠ ಅವರಿಗೂ ಸಲ್ಲುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಕೂತವರು ಇದು ಯಾವುದೋ ಹಳ್ಳಿಯ ಕಥೆ ಎಂದುಕೊಳ್ಳಬೇಕಾಗಿಲ್ಲ.

ರೋಗಿಯನ್ನು ಬಾಗಿಲ ಹೊರಗಿಡಬಾರದೆಂಬ ತಿಳಿವು ಈ ಸೀಮೆಗೆ ಹೊಸದೂ ಅಲ್ಲ. ಕೊಳ್ಳೇಗಾಲ, ಹನೂರು ಕಡೆಯ ನೀಲಗಾರರು ರಾತ್ರಿಯಿಡೀ ಹಾಡುವ ಮಂಟೇಸ್ವಾಮಿಯ ಕಥೆಯಲ್ಲಿ ಸ್ವಾಮಿ ಕಲ್ಯಾಣಪಟ್ಟಣಕ್ಕೆ ಬರುವುದು ಹೇಗೆ? ಕುಷ್ಠ ಹಿಡಿದ, ನಾರುವ, ನೊಣ ಮುತ್ತಿದ ಮೈ ಹೊತ್ತು. ಬಾಗಿಲು ಕಾಯುವವರು ಒಳಗೆ ಬಿಡುವುದಿಲ್ಲ. ಶರಣರ ಊರಿನ ಹೆಬ್ಬಾಗಿಲಲ್ಲೇ ಪರಂಜ್ಯೋತಿಯಾದ ಸ್ವಾಮಿ ಹೊರಗುಳಿಯುತ್ತಾನೆ. ಚಿಕ್ಕಲ್ಲೂರು ಜಾತ್ರೆಯಲ್ಲಿ ಸೇರುವ ಸಾವಿರಾರು ಒಕ್ಕಲು ಈ ಕಥೆಯನ್ನು ತಲೆಮಾರುಗಳಿಂದ ಕೇಳುತ್ತ ಬಂದಿದೆ, ಬಾಗಿಲು ಹಾಕಿದವರ ಮೇಲೆ ಸಿಟ್ಟಾಗಿದೆ, ಸ್ವಾಮಿಯ ಕಡೆ ನಿಂತಿದೆ. ಅದೇ ಒಕ್ಕಲು ಮರುದಿನ ಊರಿಗೆ ಬಂದು ತನ್ನ ಕೇರಿಯ ರೋಗಿಗೆ ಬೇರೆ ಲೋಟ ಇಟ್ಟದ್ದೂ ಉಂಟು. ಕಥೆ ಕೇಳುವ ಕಿವಿಗೂ ಲೋಟ ಎತ್ತುವ ಕೈಗೂ ನಡುವೆ ಅಷ್ಟು ದೂರವಿತ್ತು. ಜನರನ್ನು ಹಳಿಯಲು ಇದನ್ನು ಹೇಳುತ್ತಿಲ್ಲ. ಹೆದರಿಕೆಗೆ ಕಾರಣವಿತ್ತು, ಮದ್ದಿರಲಿಲ್ಲ. ಮದ್ದು ಬಂದ ಮೇಲೂ ಹೆದರಿಕೆ ಇಳಿಯಲು ಕಣ್ಣಿಗೆ ಕಾಣುವ ಯಾವುದೋ ಒಂದು ಬೇಕಿತ್ತು. ಕುಷ್ಠದವರ ಮನೆಯ ಜಗಲಿಯಲ್ಲಿ ಕೂತು ಕಾಫಿ ಕುಡಿದು ಬರುವ ಒಬ್ಬ ಕಾರ್ಯಕರ್ತೆಯನ್ನು ಕೇರಿಯವರು ವಾರದ ಮೇಲೆ ವಾರ ನೋಡಬೇಕಿತ್ತು.

ಚಪ್ಪಲಿಯದೂ ಹೀಗೇ. ಬಿಳಿಗಿರಿರಂಗ ರಾತ್ರಿ ಕಾಡೆಲ್ಲ ಸುತ್ತುತ್ತಾನೆ, ಅವನ ಜೋಡು ಸವೆಯುತ್ತದೆ ಎಂಬ ನಂಬಿಕೆ ಇಲ್ಲಿಯದು. ಸೋಲಿಗರಿಗೆ ಅವನು ದೇವರಷ್ಟೇ ಅಲ್ಲ, ಕುಸುಮಾಲೆಯನ್ನು ಕೈಹಿಡಿದ ಭಾವ. ಎರಡು ವರ್ಷಕ್ಕೊಮ್ಮೆ ಅವನಿಗೆ ದೊಡ್ಡ ಅಳತೆಯ ಹೊಸ ಚರ್ಮದ ಪಾದರಕ್ಷೆ ಒಪ್ಪಿಸುತ್ತಾರೆ. ಕಾಡು ಅಲೆಯುವ ಪಾದಕ್ಕೆ ಜೋಡು ಬೇಕು ಎಂದು ದೇವರ ವಿಷಯದಲ್ಲಿ ಯೋಚಿಸಿದ ಊರಿದು. ಬೆಟ್ಟದ ಕೆಳಗೆ ಅರಿವಿಲ್ಲದ ಕಾಲಿನವರಿಗೆ ಬೇಕಾದದ್ದು ಬೇರೆ ಬಗೆಯ ಜೋಡು: ಒಳಗೆ ಮೆತ್ತನೆಯ ರಬ್ಬರು, ಹೊರಗೆ ಮುಳ್ಳು ತೂರದ ಗಟ್ಟಿ ಅಟ್ಟೆ, ಎಲ್ಲೂ ಮೊಳೆ ಹೊಡೆದಿರಬಾರದು, ಹಿಮ್ಮಡಿಗೆ ಪಟ್ಟಿ. ಎಂ.ಸಿ.ಆರ್. ಚಪ್ಪಲಿ ಎಂದು ಆಸ್ಪತ್ರೆಯವರು ಹೇಳುವುದು ಇದಕ್ಕೇ. ತುಂಬ ದಿನ ಈ ಚಪ್ಪಲಿಯ ಬಣ್ಣ, ಆಕಾರ ಎಲ್ಲ ಕಡೆ ಒಂದೇ ಥರ ಇದ್ದು, ದೂರದಿಂದಲೇ ‘ಅವರದು’ ಎಂದು ಗುರುತಾಗುತ್ತಿತ್ತು. ಹಾಕಿಕೊಳ್ಳಲು ನಾಚಿ ಮನೆಯಲ್ಲೇ ಬಿಟ್ಟು ಬರಿಗಾಲಲ್ಲಿ ಸಂತೆಗೆ ಹೋಗುವವರಿದ್ದರು. ಒಳ್ಳೆಯದನ್ನು ಕೊಡುವಾಗಲೂ ತೆಗೆದುಕೊಳ್ಳುವವನ ಮುಖ ನೋಡಿ ಕೊಡಬೇಕು. ಅಂಗಡಿಯ ಚಪ್ಪಲಿಯಂತೆ ಕಾಣುವ ಹಾಗೆ ಅದನ್ನು ಮಾಡಿದರೆ ಹಾಕಿಕೊಳ್ಳುತ್ತಾರೆ. ಇಷ್ಟೇ ವ್ಯತ್ಯಾಸ.

2005ರ ಡಿಸೆಂಬರ್ ಹೊತ್ತಿಗೆ ಭಾರತದಲ್ಲಿ ಕುಷ್ಠರೋಗಿಗಳ ಸಂಖ್ಯೆ ಹತ್ತು ಸಾವಿರ ಜನಕ್ಕೆ ಒಬ್ಬರಿಗಿಂತ ಕೆಳಗಿಳಿಯಿತು. ನಿರ್ಮೂಲನೆಯ ಗುರಿ ಮುಟ್ಟಿದೆವೆಂದು ಘೋಷಣೆಯಾಯಿತು. ಗೆದ್ದೆವು ಎಂದ ಮೇಲೆ ಯಾರು ಬಾಗಿಲಿಗೆ ಬಂದು ಕೇಳುತ್ತಾರೆ? ಎಷ್ಟೋ ಕಡೆ ಮನೆಮನೆ ಹುಡುಕಾಟ ಸಡಿಲವಾಯಿತು. ಈಗಲೂ ದೇಶದಲ್ಲಿ ವರ್ಷಕ್ಕೆ ಒಂದು ಲಕ್ಷದ ಆಸುಪಾಸು ಹೊಸ ರೋಗಿಗಳು ಪತ್ತೆಯಾಗುತ್ತಾರೆ, ಜಗತ್ತಿನ ಹೊಸ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಲ್ಲಿಯವರೇ. ರೋಗಾಣು ಮೈಸೇರಿದ ಮೇಲೆ ಮಚ್ಚೆ ಮೂಡಲು ಸಾಮಾನ್ಯವಾಗಿ ಐದು ವರ್ಷ, ಕೆಲವರಲ್ಲಿ ಇಪ್ಪತ್ತು ವರ್ಷವೂ ಹಿಡಿಯುತ್ತದೆ. ಇಷ್ಟು ನಿಧಾನದ ರೋಗಕ್ಕೆ ಒಂದು ವರ್ಷದ ಅಭಿಯಾನ, ಒಂದು ದಿನದ ಜಾಥಾ ಏನು ಸಾಟಿ? 2016ರಿಂದ ಮತ್ತೆ ಮನೆಮನೆಗೆ ಹೋಗಿ ಹುಡುಕುವ ಅಭಿಯಾನಗಳು ಶುರುವಾದವು. ಒಬ್ಬ ಆಶಾ ಕಾರ್ಯಕರ್ತೆ, ಜೊತೆಗೊಬ್ಬ ಗಂಡಸು. ಹೆಂಗಸರ ಮೈಯನ್ನು ಅವಳು ನೋಡುತ್ತಾಳೆ, ಗಂಡಸರದನ್ನು ಅವನು.

ಮೈ ನೋಡಲು ಇನ್ನೊಬ್ಬರೇ ಬೇಕು, ಯಾಕೆಂದರೆ ಬೆನ್ನ ಮೇಲಿನ ಮಚ್ಚೆ ಅವರವರಿಗೆ ಕಾಣದು. ಹಿಂದೆ ಕೂಡುಕುಟುಂಬದಲ್ಲಿ ದೀಪಾವಳಿಯ ಎಣ್ಣೆನೀರಿನ ದಿನ ಅವ್ವನೋ ಅಜ್ಜಿಯೋ ಬೆನ್ನುಜ್ಜುವಾಗ ‘ಇದೇನೋ ಇಲ್ಲಿ, ಬೆಳ್ಳಗೆ?’ ಎಂದು ಕಂಡುಹಿಡಿಯುತ್ತಿದ್ದರು. ಈಗ ಬಚ್ಚಲ ಬಾಗಿಲು ಹಾಕಿಕೊಂಡು ಅವರವರ ಸ್ನಾನ ಅವರವರದು. ಬೆಳ್ಳಗಿನ ಮಚ್ಚೆಯೆಲ್ಲ ಕುಷ್ಠವಲ್ಲ, ತೊನ್ನು ಬೇರೆ, ಚಿಬ್ಬು ಬೇರೆ. ಮಚ್ಚೆಯ ಮೇಲೆ ಹತ್ತಿಯ ಎಳೆ ಸವರಿದಾಗ ತಿಳಿಯದಿದ್ದರೆ, ಬೆವರು ಬಾರದೆ ಕೂದಲು ಉದುರಿದ್ದರೆ, ಆಗ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಗುಂಬಳ್ಳಿಯಲ್ಲೂ ಸಿಗುತ್ತದೆ, ನಿಮ್ಮೂರಲ್ಲೂ ಸಿಗುತ್ತದೆ ಆ ಹಾಳೆ.

2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲಿರುಳು ಕೂತು ಗೌರವಧನ ಹೆಚ್ಚಿಸಿ ಎಂದು ಕೇಳಿದ್ದನ್ನು ನೀವು ನೋಡಿರಬಹುದು. ನಮ್ಮ ಬಾಗಿಲಿಗೆ ಬಂದು ಕೇಳುವವರೇ ಬೀದಿಯಲ್ಲಿ ಕೂತು ಕೇಳಬೇಕಾಗಿ ಬಂದದ್ದು ನಮಗೆ ಶೋಭೆಯಲ್ಲ. ಅವರ ಕೂಲಿ ಸರ್ಕಾರ ಕೊಡಬೇಕಾದದ್ದು, ಅದು ನಮ್ಮ ಒಳ್ಳೆಯತನದಿಂದ ತೀರುವ ಋಣವಲ್ಲ. ನಮ್ಮ ಕೈಲಿರುವುದು ಇಷ್ಟು: ಮುಂದಿನ ಸಲ ಮಚ್ಚೆ ಹುಡುಕುವ ಆ ಇಬ್ಬರು ನಿಮ್ಮ ಮನೆಗೆ ಬಂದಾಗ ಬಾಗಿಲಲ್ಲೇ ನಿಂತು ‘ನಮ್ಮನೇಲಿ ಅಂಥದ್ದೇನೂ ಇಲ್ಲ’ ಎಂದು ಸಾಗಹಾಕಬೇಡಿ. ಒಳಗೆ ಕರೆಯಿರಿ. ಅಂಗಿ ಬಿಚ್ಚಿ ಬೆನ್ನು ತೋರಿಸಿ, ಎರಡು ನಿಮಿಷದ ಕೆಲಸ. ಮನೆಯ ಮುದುಕರನ್ನೂ ಮಕ್ಕಳನ್ನೂ ಕರೆದು ನಿಲ್ಲಿಸಿ. ಪಕ್ಕದ ಮನೆಗೆ ಬೀಗ ಬಿದ್ದಿದ್ದರೆ ಅವರು ಹೊಲದಿಂದ ಎಷ್ಟೊತ್ತಿಗೆ ಬರುತ್ತಾರೆ ಎಂದು ಹೇಳಿ ಕಳಿಸಿ.